ಹೌದಣ್ಣನ ಮೊದಲ ‘ಬೇಡ’

ಹೌದಣ್ಣನಿಗೆ ಆ ಅಡ್ಡಹೆಸರು ಅಂಟಿಕೊಳ್ಳಲು ಕಾರಣ ಅವನ ಸೋದರಮಾವ. ಕ್ಷೌರದ ಕೆಲಸ ಕಲಿತದ್ದು ಮಾವನ ಸಲೂನಿನಲ್ಲೇ. ಮಾವನಿಗೆ ಮೂಗಿನ ತುದಿಯಲ್ಲೇ ಕೋಪ, ಕೈ ಮಾತ್ರ ಬೆಣ್ಣೆ. ಅಳಿಯನ ಕೈಗೆ ಮೊದಲ ಸಲ ಕತ್ತಿ ಕೊಟ್ಟ ದಿನ ಅವನು ಹೇಳಿಕೊಟ್ಟದ್ದು ಒಂದೇ ಪಾಠ.

“ನೋಡೋ, ಗದ್ದಕ್ಕೆ ಕತ್ತಿ ಇಟ್ಟ ಮೇಲೆ ಗಿರಾಕಿ ಏನಂದ್ರೂ ಹೌದು ಅನ್ನು. ಸೂರ್ಯ ಪಶ್ಚಿಮದಲ್ಲಿ ಹುಟ್ತಾನೆ ಅಂದ್ರೂ ಹೌದು ಅನ್ನು. ನೀನು ಅಲ್ಲ ಅಂದ್ಯೋ, ಅವನು ವಾದ ಮಾಡೋಕೆ ತಲೆ ಎತ್ತುತ್ತಾನೆ. ತಲೆ ಎತ್ತಿದ್ನೋ, ರಕ್ತ.”

ಕಸುಬಿನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಆದರೆ ಮಾವ ಆ ಪಾಠವನ್ನು ಸಲೂನಿನಲ್ಲೇ ಬಿಟ್ಟು ಮನೆಗೆ ಹೋಗುತ್ತಿದ್ದ. ಅಲ್ಲಿ ಅತ್ತೆಯೊಡನೆ ನಾಲ್ಕು ಮನೆಗೆ ಕೇಳುವಂತೆ ಜಗಳವಾಡುತ್ತಿದ್ದ. ಅಳಿಯ ಮಾತ್ರ ಪಾಠವನ್ನು ಮನೆಗೂ ಹೊತ್ತುಕೊಂಡು ಹೋದ. ಅಂಗಡಿಯ ಬಾಗಿಲು ಹಾಕಿದ ಮೇಲೂ, ಊಟಕ್ಕೆ ಕೂತಾಗಲೂ, ನೆಂಟರ ಮನೆಯಲ್ಲೂ, ಯಾರದೋ ಗದ್ದದ ಮೇಲೆ ಕತ್ತಿ ಇಟ್ಟವನ ಹಾಗೆಯೇ ಬದುಕಿದ. ಒಬ್ಬ ಗಿರಾಕಿ ಈ ಸಲ ಮಳೆ ಜೋರು ಎಂದರೆ ಹೌದು, ಮುಂದಿನ ಗಿರಾಕಿ ಮಳೆಯೇ ಇಲ್ಲ ಎಂದರೆ ಅದಕ್ಕೂ ಹೌದು. ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕಂಡೆಯಾ ಎಂದು ಗಾದೆಯೇ ಇದೆಯಲ್ಲ. ಆ ಚಾವಡಿಯನ್ನು ಕಣ್ಣಾರೆ ನೋಡಬೇಕೆಂದವರು ಅವನ ಸಲೂನಿಗೆ ಬಂದರೆ ಸಾಕಿತ್ತು.

ಇದರಿಂದ ಅವನಿಗೆ ನಷ್ಟವೇನೂ ಆಗಲಿಲ್ಲ ಅನ್ನಿ. ಎರಡು ಕುರ್ಚಿಯೂ ಬೆಳಗಿನಿಂದ ತುಂಬಿರುತ್ತಿದ್ದವು. ಮನೆಯಲ್ಲಿ ಯಾರೂ ಒಪ್ಪದ ಮಾತನ್ನು ಒಪ್ಪುವವನೊಬ್ಬ ಬೀದಿಯ ಕೊನೆಯಲ್ಲಿದ್ದಾನೆ ಎಂದರೆ ಯಾವ ಗಂಡಸು ತಾನೆ ಹೋಗದೆ ಇದ್ದಾನು? ಕೂದಲು ಬೆಳೆಯದಿದ್ದರೂ ಬರುವವರಿದ್ದರು.

ಹೆಂಡತಿ ಇದಕ್ಕೆ ತದ್ವಿರುದ್ಧ. ಅವಳದು ಕಡ್ಡಿ ತುಂಡು ಮಾಡಿದಂಥ ಮಾತು. ಮದುವೆಯ ಮಾತುಕತೆಯ ದಿನ ಅವಳೇ ನೇರವಾಗಿ ಕೇಳಿದ್ದಳು: “ನಾನೂ ದುಡೀಬೇಕು, ಆಗಬಹುದಾ?” ಹೌದು. “ನಿಮ್ಮ ಅಂಗಡಿ ಪಕ್ಕದಲ್ಲೇ ನನ್ನದೊಂದು ಪಾರ್ಲರ್ ಆಗ್ಬೇಕು.” ಹೌದು. ಇಂಥ ಗಂಡ ಯಾರಿಗೆ ಸಿಕ್ಕಾನು ಎಂದು ಅವಳ ಅಕ್ಕತಂಗಿಯರು ಹೊಟ್ಟೆ ಉರಿದುಕೊಂಡರು. ಒಂದೆರಡು ವರ್ಷ ಅವಳಿಗೂ ಹಾಗೆಯೇ ಅನ್ನಿಸಿರಬೇಕು. ಆಮೇಲೆ ಅವಳು ಅಕ್ಕತಂಗಿಯರ ಗಂಡಹೆಂಡಿರ ಜಗಳದ ಕಥೆಗಳನ್ನು ತುಸು ಆಸೆಯಿಂದಲೇ ಕೇಳತೊಡಗಿದಳು. ಜಗಳವಾಡಬೇಕಾದರೆ ಎದುರಿಗೆ ಒಬ್ಬರಿರಬೇಕು ನೋಡಿ.

ಅವಳ ಪಾರ್ಲರಿನ ಕೋಣೆಯನ್ನು ಅವಳೇ ಕಟ್ಟಿಸಿದಳು. ಮುಂದೆ ಸಲೂನು, ಹಿಂದೆ ಮನೆ ಇದ್ದ ಅವರ ಕಟ್ಟಡ ಬೀದಿಯ ಕಟ್ಟಕಡೆಯದು. ಅದಾದ ಮೇಲೆ ಅಡ್ಡಕ್ಕೆ ಎತ್ತರದ ಇಟ್ಟಿಗೆ ಗೋಡೆ, ಗೋಡೆಯಾಚೆ ದೊಡ್ಡಾಸ್ಪತ್ರೆಯ ನರ್ಸುಗಳ ಕ್ವಾರ್ಟರ್ಸು. ಸಲೂನಿನ ಪಕ್ಕದಲ್ಲಿ ಬೀದಿಯ ಕಡೆಗೆ ಚಾಚಿಕೊಂಡಿದ್ದ ತಮ್ಮದೇ ಖಾಲಿ ಜಾಗದಲ್ಲಿ ಅವಳು ಕೋಣೆ ಎಬ್ಬಿಸಿದಳು. ದೊಡ್ಡ ಕನ್ನಡಿ, ತಿರುಗುವ ಕುರ್ಚಿ, ಹುಬ್ಬು ತೀಡುವ ದಾರದ ಉಂಡೆಗಳು, ಸಾಲಾಗಿ ಬಾಟಲಿಗಳು, ಹೊರಗಿನವರ ಕಣ್ಣು ಬೀಳದಂತೆ ಮೇಲಿಟ್ಟ ಒಂದು ಕಿಟಕಿ. ಗೋಡೆಗೆ ಗಿಳಿಹಸಿರು ಬಣ್ಣ. ಅವನ ಸಲೂನಿಗೂ ಅವಳ ಕೋಣೆಗೂ ನಡುವೆ ಇದ್ದದ್ದು ಒಂದು ತೆಳ್ಳನೆಯ ಹಲಗೆ ಅಷ್ಟೇ. “ಈ ಬಣ್ಣ ಹಾಕಿಸ್ಕೋಬೇಡಿ, ನಿಮ್ಮ ಮುಖಕ್ಕೆ ಒಪ್ಪಲ್ಲ” ಎಂದು ಅವಳು ಗಿರಾಕಿಗೆ ಮುಖಕ್ಕೆ ಹೊಡೆದಂತೆ ಹೇಳುವುದು ಇತ್ತ ಕೇಳಿಸಿದಾಗ ಹೌದಣ್ಣನ ಎದೆ ಧಸಕ್ಕೆನ್ನುತ್ತಿತ್ತು. ಆದರೆ ಹಾಗೆ ಹೇಳಿಸಿಕೊಂಡವರೇ ತಂಗಿಯನ್ನೋ ಗೆಳತಿಯನ್ನೋ ಕಟ್ಟಿಕೊಂಡು ಮತ್ತೆ ಬರುತ್ತಿದ್ದರು.

ನರ್ಸುಗಳಂತೂ ಅವಳೆಂದರೆ ಜೀವ ಬಿಡುತ್ತಿದ್ದರು. ಗೋಡೆಯಾಚೆಯಿಂದಲೇ “ಅಕ್ಕಾ, ಖಾಲಿ ಇದ್ದೀರಾ?” ಎಂದು ಕೂಗುವರು. “ಇದ್ದೀನಿ, ಬಾರಮ್ಮ” ಎಂದು ಇವಳು ಈಚೆಯಿಂದ ಕೂಗುವಳು. ಆದರೆ ಬರುವುದು ಹೇಗೆ? ಆಸ್ಪತ್ರೆಯ ದೊಡ್ಡ ಗೇಟು ದಾಟಿ, ಮಾರುಕಟ್ಟೆ ಸುತ್ತಿ, ಬೀದಿಯ ಬಾಯಿಂದ ಒಳಗೆ ನಡೆದು ಬರಬೇಕು. ಅಷ್ಟರಲ್ಲಿ ಕುರ್ಚಿಯಲ್ಲಿ ಇನ್ನೊಬ್ಬರು ಕೂತಿರುತ್ತಿದ್ದರು. ಹೊರಡುವಾಗ ತೀಡಿಸಬೇಕೆಂದಿದ್ದ ಹುಬ್ಬು ತಲುಪುವ ಹೊತ್ತಿಗೆ ಇನ್ನಷ್ಟು ಬೆಳೆದಿರುತ್ತೆ ಎಂದು ಅವಳು ನಗುತ್ತಿದ್ದಳು.

ಹೀಗೆ ತಣ್ಣಗಿದ್ದ ಬೀದಿಗೆ ಒಂದು ದಿನ ನಗರಸಭೆಯ ನೋಟಿಸು ಬಂತು. ಸಲೂನಿನ ಎದುರಿನ ದೀಪದ ಕಂಬಕ್ಕೇ ಅಂಟಿಸಿ ಹೋದರು. ಕೊನೆಯ ಗೋಡೆ ಒಡೆದು ಬೀದಿಯನ್ನು ಆಸ್ಪತ್ರೆ ರಸ್ತೆಗೆ ಸೇರಿಸುವ ಯೋಜನೆ. ಸಾರ್ವಜನಿಕರು ಇಂಥ ದಿನ ನಗರಸಭೆಯ ಸಭಾಂಗಣಕ್ಕೆ ಬಂದು ಅಭಿಪ್ರಾಯ ಹೇಳಬಹುದು. ಯಾರೂ ಬಾರದಿದ್ದರೆ ಎಲ್ಲರಿಗೂ ಒಪ್ಪಿಗೆ ಎಂದು ತಿಳಿದು ಮುಂದುವರಿಯಲಾಗುವುದು. ಕೆಳಗೆ ಒಂದು ನಕ್ಷೆ, ನಕ್ಷೆಯಲ್ಲಿ ಒಂದು ಕೆಂಪು ಗೆರೆ. ಬೀದಿ ಉದ್ದಕ್ಕೂ ಅಗಲವಾಗಿಯೇ ಇದ್ದುದರಿಂದ ಗೆರೆ ಯಾರ ಮನೆಯನ್ನೂ ಮುಟ್ಟಿರಲಿಲ್ಲ. ಕೊನೆಯಲ್ಲಿ ಮಾತ್ರ, ಬೀದಿ ಕಿರಿದಾಗುವ ಕಡೆ, ನೇರವಾಗಿ ಹೌದಣ್ಣನ ಹೆಂಡತಿಯ ಕೋಣೆಯ ಮೇಲೆ ಹಾದು ಹೋಗಿತ್ತು.

ಹೌದಣ್ಣ ಅದನ್ನು ಓದಿ, ಮತ್ತೆ ಓದಿ, ಬಂದು ಕತ್ತಿ ಮಸೆಯುತ್ತ ಕೂತ. ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಗಿಳಿಹಸಿರು ಕೋಣೆಯಲ್ಲಿತ್ತು. ಅವಳು ಕೂಡಿಟ್ಟು ಕೂಡಿಟ್ಟು ಕಟ್ಟಿಸಿದ್ದು. ಅದು ಹೋದರೆ ಅವಳು ತಡೆದುಕೊಂಡಾಳೆಯೇ?

ಬೀದಿ ಎರಡು ಪಾಲಾಯಿತು. ಬೀದಿಯ ಬಾಯಲ್ಲಿ ಅಂಗಡಿ ಇಟ್ಟವರಿಗೆ ರಸ್ತೆ ಬೇಕು. ಅವರ ಮುಖಂಡ ಕಬ್ಬಿಣದಂಗಡಿ ಸಾಹುಕಾರ. ಒಳಗೆ ಮನೆ ಮಾಡಿಕೊಂಡವರಿಗೆ ಬೇಡ. ಅವರಿಗೆ ನಿವೃತ್ತ ಹೆಡ್‌ಮಾಸ್ಟರರೇ ದಿಕ್ಕು. ಇಬ್ಬರೂ ಕೂರುತ್ತಿದ್ದದ್ದು ಮಾತ್ರ ಹೌದಣ್ಣನ ಒಂದೇ ಕುರ್ಚಿಯಲ್ಲಿ, ಕನ್ನಡಿಯ ಹತ್ತಿರದ್ದರಲ್ಲಿ.

“ರಸ್ತೆ ಬರಲೇಬೇಕು, ಅಲ್ವೇನೋ?” ಎಂದ ಸಾಹುಕಾರ, ನೊರೆಯ ನಡುವಿನಿಂದ.

“ಹೌದು ಸಾಹುಕಾರ್ರೇ.”

“ಇಡೀ ಬೀದಿ ಇದನ್ನೇ ಅಂತಿದೆ ತಾನೆ?”

“ಹೌದೌದು, ಇಡೀ ಬೀದಿ.”

ಸಾಹುಕಾರ ಹೋದ ಸ್ವಲ್ಪ ಹೊತ್ತಿಗೆ ಹೆಡ್‌ಮಾಸ್ಟರರು ಬಂದರು. ಅವರ ತಲೆಯಲ್ಲಿ ಕೂದಲು ಕಡಿಮೆ, ಬಾಯಲ್ಲಿ ಮಾತು ಹೆಚ್ಚು.

“ಲಾರಿಗಳು ನುಗ್ಗಿದ್ರೆ ನಮ್ಮ ಮಕ್ಕಳ ಗತಿ ಏನಪ್ಪ? ಈ ರಸ್ತೆ ಯಾರಿಗೂ ಬೇಡ.”

“ಹೌದು ಮೇಷ್ಟ್ರೇ.”

“ಅಂದ್ರೆ ಇಡೀ ಬೀದಿ ನಮ್ಮ ಕಡೆ.”

“ಹೌದು ಮೇಷ್ಟ್ರೇ, ಇಡೀ ಬೀದಿ.”

ಇಷ್ಟಕ್ಕೇ ನಿಂತಿದ್ದರೆ ಬರೀ ತಮಾಷೆಯಾಗುತ್ತಿತ್ತು. ಆದರೆ ಬೇಕು ಎನ್ನುವವರೂ ಬೇಡ ಎನ್ನುವವರೂ ಒಬ್ಬೊಬ್ಬರಾಗಿ ಬಂದು ಕೂತು, ಕತ್ತು ಹಿಂದಕ್ಕೆ ವಾಲಿಸಿ, ಕೇಳಿದ್ದು ಇನ್ನೊಂದು ಮಾತು: “ಆ ಸಭೆಗೆ ನಾನು ಹೋಗ್ದಿದ್ರೂ ನಡೆಯುತ್ತೆ, ಅಲ್ವಾ? ಉಳಿದವರೆಲ್ಲ ಹೋಗ್ತಾರಲ್ಲ.”

“ಹೌದು, ನಡೆಯುತ್ತೆ,” ಎಂದ ಹೌದಣ್ಣ ಎಲ್ಲರಿಗೂ.

ಸಂಜೆ ಅವನು ನೆಲದ ಕೂದಲು ಗುಡಿಸುವಾಗ ಹೆಂಡತಿ ಬಾಗಿಲಿಗೆ ಒರಗಿ ನಿಂತು ಮಾತಾಡುತ್ತಿದ್ದಳು. ಅದೂ ರಸ್ತೆಯದೇ ಮಾತು. ಗೆರೆ, ಕೋಣೆ, ಗೋಡೆ ಎಂಬ ಶಬ್ದಗಳು ಕಿವಿಗೆ ಬಿದ್ದೊಡನೆ ಇವನು ಕಸದ ಕಡೆಗೇ ಬಾಗುತ್ತಿದ್ದ. ಪೊರಕೆ ಇನ್ನಷ್ಟು ಜೋರಾಗಿ ಆಡಿಸುತ್ತ ಹೂಂ, ಹೂಂ ಎನ್ನುತ್ತಿದ್ದ. ಕೇಳಿಸಿಕೊಳ್ಳುವ ಧೈರ್ಯವಿರಲಿಲ್ಲ.

“ನಿಮಗೇನನ್ಸುತ್ತೆ?” ಎಂದು ಅವಳು ಕೊನೆಗೆ ಕೇಳಿದಳು.

“ಹೌದು.”

“ಹೌದು ಅಂದ್ರೆ?”

“ನೀನು ಹೇಳಿದ್ದೇ ಸರಿ ಅಂತ.”

ಅವಳು ಅವನನ್ನು ಸುಮ್ಮನೆ ನೋಡಿ, ತನ್ನ ಕೋಣೆಯ ದೀಪ ಆರಿಸಿ ಒಳಗೆ ಹೋದಳು. ಪಾಪ, ದುಃಖಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡ ಹೌದಣ್ಣ. ಹೇಗೂ ಸಭೆಯ ದಿನ ಮೇಷ್ಟ್ರು ಇಡೀ ಬೀದಿಯನ್ನು ಕಟ್ಟಿಕೊಂಡು ಹೋಗುತ್ತಾರೆ, ಕೋಣೆ ಉಳಿಯುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಇಡೀ ಬೀದಿ ಮೇಷ್ಟ್ರ ಕಡೆ ಇದೆ ಎಂದು ಅವನಿಗೆ ಹೇಳಿದ್ದು ಯಾರು? ಅವನದೇ ಬಾಯಿ. ತಾನು ಬಿಟ್ಟ ಗಾಳಿಪಟವನ್ನು ತಾನೇ ಹಕ್ಕಿಯೆಂದು ನಂಬಿದ್ದ.

ಸಭೆಯ ದಿನ ಅಂಗಡಿ ಮುಚ್ಚಿ ನಗರಸಭೆಗೆ ಹೋದವನು ಬಾಗಿಲಲ್ಲೇ ನಿಂತುಬಿಟ್ಟ. ಅಷ್ಟು ದೊಡ್ಡ ಸಭಾಂಗಣ, ಸಾಲು ಸಾಲು ಕುರ್ಚಿ, ತಲೆಯ ಮೇಲೆ ಸುತ್ತುವ ಫ್ಯಾನುಗಳು. ಜನ ಮಾತ್ರ ಇಲ್ಲ. ಈ ಮೂಲೆಯಲ್ಲಿ ಸಾಹುಕಾರ ತನ್ನ ಗುಮಾಸ್ತನೊಡನೆ. ಆ ಮೂಲೆಯಲ್ಲಿ ಹೆಡ್‌ಮಾಸ್ಟರರು ತಮ್ಮ ಕೊಡೆಯೊಡನೆ. ವೇದಿಕೆಯ ಮೇಲೆ ಯೋಜನಾಧಿಕಾರಿ, ಚಿಕ್ಕ ವಯಸ್ಸಿನ ಹೆಂಗಸು, ಹಿಂದಿನ ಗೋಡೆಯ ನಕ್ಷೆಗೂ ಮುಂದಿನ ಖಾಲಿ ಕುರ್ಚಿಗಳಿಗೂ ಸರದಿಯಲ್ಲಿ ಕಣ್ಣು ಹಾಯಿಸುತ್ತಿದ್ದಳು. ಬಾಗಿಲು ಸದ್ದಾದಾಗಲೆಲ್ಲ ಮೂವರೂ ಆಸೆಯಿಂದ ತಿರುಗುವರು. ಬಂದವನು ಟೀ ತಂದ ಹುಡುಗನೋ ಫೈಲು ಹೊತ್ತ ಜವಾನನೋ ಆಗಿರುತ್ತಿದ್ದ.

ಕಾದು ಸಾಕಾಗಿ ಅಧಿಕಾರಿ ಸಭೆ ಶುರು ಮಾಡಿದಳು. ಸಾಹುಕಾರ ಎದ್ದ. “ಮೇಡಂ, ಇಡೀ ಬೀದಿ ರಸ್ತೆ ಕೇಳ್ತಿದೆ. ನಂಬಿಕೆ ಇಲ್ದಿದ್ರೆ ಇಲ್ಲೇ ಇದಾನೆ ನಮ್ಮ ಹೌದಣ್ಣ, ಅವನನ್ನೇ ಕೇಳಿ. ಬೀದಿಯ ತಲೆಗಳೆಲ್ಲ ಅವನ ಕೈಯಲ್ಲೇ.”

ಹೆಡ್‌ಮಾಸ್ಟರರು ಕೊಡೆ ಕುಟ್ಟಿ ಎದ್ದರು. “ಏನ್ರೀ ಇದು! ಅವನು ನಮ್ಮ ಸಾಕ್ಷಿ. ಇಡೀ ಬೀದಿಗೆ ರಸ್ತೆ ಬೇಡ ಅಂತ ಅವನೇ ನನಗೆ ಹೇಳಿದ್ದು.”

“ನನಗೆ ಬೇಕು ಅಂತ ಹೇಳಿದ್ದೂ ಅವನೇ!”

ಇಬ್ಬರೂ ಏಕಕಾಲಕ್ಕೆ ಹೌದಣ್ಣನ ಕಡೆ ತಿರುಗಿದರು. ಎರಡು ದೋಣಿಯ ಮೇಲೆ ಕಾಲಿಟ್ಟವನ ಪಾಡು ಏನೆಂದು ಅವನಿಗೆ ಆಗ ಗೊತ್ತಾಯಿತು. ಓಡಿಹೋಗೋಣ ಎಂದರೆ ಬಾಗಿಲು ದೂರ. ಅಧಿಕಾರಿ ಮೈಕನ್ನು ಅವನತ್ತ ಕಳಿಸಿದಳು.

“ಹೇಳಿ. ಇವರಿಬ್ಬರಲ್ಲಿ ಯಾರು ಹೇಳ್ತಿರೋದು ನಿಜ?”

“ಇಬ್ಬರೂ ನಿಜಾನೇ ಹೇಳ್ತಿದಾರೆ ಮೇಡಂ,” ಎಂದ ಹೌದಣ್ಣ. “ಸುಳ್ಳು ಹೇಳಿದ್ದು ನಾನು. ಅವರಿಗೂ ಹೌದು ಅಂದೆ, ಇವರಿಗೂ ಹೌದು ಅಂದೆ. ನಾವು ಬರದಿದ್ರೂ ನಡೆಯುತ್ತಾ ಅಂತ ಕೇಳಿದವರಿಗೆಲ್ಲ ನಡೆಯುತ್ತೆ ಅಂದೆ. ಅದಕ್ಕೇ ಯಾರೂ ಬಂದಿಲ್ಲ.”

ಸಾಹುಕಾರ ಗುಮಾಸ್ತನ ಮುಖ ನೋಡಿದ. ಹೆಡ್‌ಮಾಸ್ಟರರು ನಿಧಾನವಾಗಿ ಕೂತರು. ಅಧಿಕಾರಿ ನಗಲೋ ಬೈಯಲೋ ತಿಳಿಯದೆ ಪೆನ್ನು ಕೆಳಗಿಟ್ಟಳು.

“ನೋಡಿ, ಬಾರದವರು ಒಪ್ಪಿದ ಹಾಗೆ ಅಂತ ನಮ್ಮ ನಿಯಮ. ಆದ್ರೆ ಗೆರೆ ಬಿದ್ದಿರೋದು ನಿಮ್ಮ ಜಾಗದ ಮೇಲೆ. ಜಾಗ ಬಿಡೋರು ಆಕ್ಷೇಪಣೆ ಹೇಳಿದ್ರೆ ನಾವು ಇನ್ನೊಂದು ಸಭೆ ಕರೀಲೇಬೇಕು. ಹೇಳದಿದ್ರೆ ಇವತ್ತೇ ಮುಗೀತು, ನಕ್ಷೆ ಇದ್ದ ಹಾಗೇ ರಸ್ತೆ, ಲಾರಿ ಸಮೇತ. ನಿಮಗೆ ಒಪ್ಪಿಗೆ ಅಂತ ಬರ್ಕೊಳ್ಳಲಾ?”

ಅವನ ತುಟಿ ಆಗಲೇ “ಹೌ” ಎನ್ನುವ ಆಕಾರಕ್ಕೆ ಬಂದುಬಿಟ್ಟಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕಲಿತ ಗುಣವೂ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅವನು ಬಾಯಿಗೆ ಕೈ ಅಡ್ಡ ಹಿಡಿದು, ಕೆಮ್ಮಿ, ಬೇರೆ ದಾರಿ ಹಿಡಿದ.

“ನನ್ನ ಹೆಂಡತಿಗೆ ಒಪ್ಪಿಗೆ ಇಲ್ಲ ಮೇಡಂ. ಅದು ಅವಳ ಕೋಣೆ. ಅವಳೇ ಕಟ್ಟಿಸಿದ್ದು. ಪಾಪ, ನೋಟಿಸ್ ಬಂದಾಗಿಂದ ಒಳಗೊಳಗೇ ಅಳ್ತಿದಾಳೆ.”

“ನಾನೆಲ್ಲಿ ಅತ್ತೆ?”

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಕೊನೆಯ ಗಿರಾಕಿಯನ್ನು ಕಳಿಸಿ ಆಗ ತಾನೇ ಬಂದಿದ್ದಳು, ಬೆರಳಿಗೆ ಇನ್ನೂ ದಾರದ ತುಂಡು ಸುತ್ತಿಕೊಂಡಿತ್ತು. ನೇರ ಮುಂದಕ್ಕೆ ಬಂದು ಗಂಡನ ಪಕ್ಕದಲ್ಲಿ ನಿಂತಳು.

“ಮೇಡಂ, ನನ್ನ ಹೆಸರಲ್ಲಿ ಬೇಡ ಅಂತ ಬರ್ಕೋಬೇಡಿ. ನನಗೆ ರಸ್ತೆ ಬೇಕು. ಕೋಣೆ ಹೋದ್ರೆ ಇನ್ನೊಂದು ಕಟ್ಟಿಸ್ತೀನಿ. ಆ ಗೋಡೆ ಒಡೆಯೋಕೆ ನನ್ನ ಕೈಲಾಗುತ್ತಾ? ಗೋಡೆಯಾಚೆ ಅಷ್ಟೊಂದು ಹೆಣ್ಣುಮಕ್ಕಳು, ಕೂಗಿದ್ರೆ ಕೇಳಿಸೋಷ್ಟು ಹತ್ತಿರ, ಬರೋಕೆ ಮಾತ್ರ ಊರು ಸುತ್ತಬೇಕು. ಇದನ್ನ ದಿನಾ ಸಂಜೆ ಇವರಿಗೆ ಹೇಳಿದೀನಿ. ಹೂಂ, ಹೂಂ ಅಂತ ಕಸ ಗುಡಿಸ್ತಾನೇ ಇದ್ರು.”

ಸಾಹುಕಾರನ ಗುಮಾಸ್ತ ಕಿಸಕ್ಕೆಂದ. ಹೌದಣ್ಣನಿಗೆ ಮಾತ್ರ ನೆಲ ಕುಸಿದಂತಾಯಿತು. ರಸ್ತೆಯ ವಿಚಾರವಲ್ಲ ಅವನನ್ನು ಹಾಗೆ ಅಲ್ಲಾಡಿಸಿದ್ದು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಅವಳ ಪ್ರತಿ ಮಾತಿಗೂ ಹೌದು ಎಂದು, ಒಂದು ಮಾತನ್ನೂ ಕೇಳಿಸಿಕೊಂಡಿರಲಿಲ್ಲ. ನಾಚಿಕೆ ಎಂದರೆ ಏನೆಂದು ಅವನಿಗೆ ಆ ಗಳಿಗೆಯಲ್ಲಿ ಅರ್ಥವಾಯಿತು.

“ಹಾಗಾದ್ರೆ ಆಕ್ಷೇಪಣೆ ಇಲ್ಲ?” ಅಧಿಕಾರಿ ಮತ್ತೆ ಪೆನ್ನು ತೆಗೆದಳು.

“ಅದು ನನ್ನ ಮಾತು,” ಎಂದಳು ಹೆಂಡತಿ. “ಜಾಗ ಇಬ್ಬರದೂ. ಅವರಿಗೇನು ಬೇಕೋ ಅವರೇ ಹೇಳ್ಲಿ. ನಾನೂ ಕೇಳ್ಬೇಕು. ಮದುವೆ ಆದಾಗಿಂದ ಕಾಯ್ತಿದೀನಿ.”

ಈಗ ಅಡ್ಡಕ್ಕೆ ಹಿಡಿದುಕೊಳ್ಳಲು ಹೆಂಡತಿಯೂ ಇಲ್ಲ. ಎಡಕ್ಕೆ ಸಾಹುಕಾರ, ಬಲಕ್ಕೆ ಮೇಷ್ಟ್ರು, ಎದುರಿಗೆ ಅಧಿಕಾರಿ, ಪಕ್ಕದಲ್ಲಿ ಅವಳು. ಯಾರ ಗದ್ದದ ಮೇಲೂ ಕತ್ತಿ ಇರಲಿಲ್ಲ. ಅದನ್ನು ಅವನು ಗಮನಿಸಿದ್ದೇ ಆಗ. ಕೈ ಖಾಲಿ ಇತ್ತು. ಏನು ಹೇಳಿದರೂ ಯಾರಿಗೂ ರಕ್ತ ಬರುವುದಿಲ್ಲ.

“ಬೇಡ,” ಎಂದ.

ದನಿ ಮೈಕಿನಲ್ಲಿ ಅವನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. ಅದೇನೋ ಚೆನ್ನಾಗಿದೆ ಅನ್ನಿಸಿ ಇನ್ನೊಮ್ಮೆ ಹೇಳಿದ. “ನನಗೆ ಈ ರಸ್ತೆ ಬೇಡ ಮೇಡಂ. ವಾಹನ ಬರುತ್ತೆ, ಹಾರ್ನ್ ಹೊಡೀತಾರೆ. ಹಾರ್ನ್ ಹೊಡೆದ್ರೆ ಗಿರಾಕಿ ಬೆಚ್ಚಿ ಬೀಳ್ತಾನೆ, ಆಗ ಕತ್ತಿ ನನ್ನ ಕೈಲಿರುತ್ತೆ. ಹಾರ್ನ್ ಇಲ್ಲದ ಬೀದಿ ಅಂತ್ಲೇ ನಾನು ಅಲ್ಲಿ ಅಂಗಡಿ ಇಟ್ಟಿದ್ದು. ಇನ್ನೊಂದು ಮಾತು. ಈ ಖಾಲಿ ಕುರ್ಚಿಗಳನ್ನ ಒಪ್ಪಿಗೆ ಅಂತ ಬರ್ಕೋಬೇಡಿ. ನನ್ನ ಕುರ್ಚೀಲಿ ಕೂತವರು ಕತ್ತಿ ಇಟ್ಟಾಗ ಮಿಸುಕಾಡಲ್ಲ, ಹಾಗಂತ ಅವರಿಗೆ ಅದು ಇಷ್ಟ ಅಂತಲ್ಲ. ಇನ್ನೊಂದು ಸಭೆ ಕರೀರಿ. ನಮ್ಮ ಬೀದೀಲೇ ಕರೀರಿ. ನಾನೇ ಮನೆ ಮನೆಗೆ ಹೋಗಿ ಹೇಳ್ತೀನಿ, ನೀವು ಬರದಿದ್ರೆ ನಡೆಯಲ್ಲ ಅಂತ.”

ಅಧಿಕಾರಿ ಪೆನ್ನನ್ನು ಬ್ಯಾಗಿಗೆ ಹಾಕಿ ಜಿಪ್ಪು ಎಳೆದಳು. “ಒಂದೇ ಮನೆಯಲ್ಲಿ ಒಂದು ಬೇಕು, ಒಂದು ಬೇಡ. ಇನ್ನು ಇಡೀ ಬೀದಿಗೆ ಒಪ್ಪಿಗೆ ಅಂತ ನಾನು ಹೇಗೆ ಬರೀಲಿ? ಆಯ್ತು, ಬೀದೀಲೇ ಸೇರೋಣ.”

ಮನೆಯ ದಾರಿಯುದ್ದಕ್ಕೂ ಗಂಡಹೆಂಡತಿ ಜಗಳವಾಡಿದರು. ಹಾರ್ನಿಗೆ ಹೆದರಿ ಯಾರಾದರೂ ರಸ್ತೆ ಬೇಡ ಅಂತಾರೇನ್ರೀ ಎಂದು ಅವಳು. ನಾಲ್ಕು ಹೆಜ್ಜೆ ಸುತ್ತಿ ಬಂದರೆ ನಿನ್ನ ನರ್ಸುಗಳ ಕಾಲೇನು ಸವೆಯುತ್ತಾ ಎಂದು ಅವನು. ನಾಲ್ಕು ಹೆಜ್ಜೆಯಾ, ನೀವೇ ಒಂದು ಸಲ ನಡೆದು ನೋಡಿ ಎಂದು ಅವಳು. ದಾರಿಹೋಕರು ತಿರುಗಿ ನೋಡಿದರು. ಅವಳ ಮುಖ ಮಾತ್ರ ಹಬ್ಬಕ್ಕೆ ಹೊರಟವಳ ಹಾಗಿತ್ತು. ಮಾರುಕಟ್ಟೆಯ ತಿರುವಿನಲ್ಲಿ ಮಾತು ಮುಗಿಯದೆ ಹೋದದ್ದರಿಂದ ಇಬ್ಬರೂ ನಿಂತು ಅದನ್ನು ಮುಗಿಸಿಯೇ ಮುಂದೆ ಹೋದರು.

ಅಂದಿನಿಂದ ಸಲೂನಿನ ಪದ್ಧತಿ ಬದಲಾಯಿತು. ಮಾವನ ಪಾಠವನ್ನು ಹೌದಣ್ಣ ಬಿಡಲಿಲ್ಲ, ಅದಕ್ಕೆ ಒಂದು ಬಾಲ ಸೇರಿಸಿದ. ಗಿರಾಕಿ ಒಪ್ಪಲಾಗದ ಮಾತು ಹೇಳಿದರೆ ಕತ್ತಿಯನ್ನು ಗದ್ದದಿಂದ ಎತ್ತುವನು, ಬಟ್ಟೆಗೆ ಒರೆಸುವನು, ಬದಿಗಿಡುವನು, ಆಮೇಲೆ “ಅಲ್ಲ” ಎನ್ನುವನು. ಕತ್ತಿ ಮೇಲೆದ್ದರೆ ಸಾಕು, ಬೆಂಚಿನಲ್ಲಿ ಕಾದು ಕೂತವರೆಲ್ಲ ಪೇಪರು ಮಡಿಚಿ ಕಿವಿ ನಿಮಿರಿಸುತ್ತಿದ್ದರು. “ಇಡೀ ಬೀದಿ ನಮ್ಮ ಕಡೆ ತಾನೆ?” ಎಂದು ಹೆಡ್‌ಮಾಸ್ಟರರು ಮತ್ತೊಮ್ಮೆ ಕೇಳಿ, ಅರ್ಧ ಕ್ಷೌರದಲ್ಲಿ ಕತ್ತಿ ಕೆಳಗಿಳಿದದ್ದನ್ನು ಕಂಡು, “ಬೇಡ ಬಿಡಪ್ಪ, ಮೊದಲು ಮುಗಿಸು” ಎಂದರು. ಸಾಹುಕಾರ ಸಿಟ್ಟಿನಿಂದ ಬೇರೆ ಸಲೂನು ಹಿಡಿದ. ಕೆಲವು ವಾರ ಕಳೆದ ಮೇಲೆ ಒಂದು ಬೆಳಗ್ಗೆ, ಒಂದು ಕಿವಿಯ ಪಕ್ಕದ ಕೂದಲು ಮೇಲೆ, ಇನ್ನೊಂದರದು ಕೆಳಗೆ, ಹಾಗೆ ಬಂದು ಏನೂ ಆಗದವನಂತೆ ಕುರ್ಚಿಯಲ್ಲಿ ಕೂತ. ಹೌದಣ್ಣನೂ ಏನೂ ಕೇಳದೆ ಎರಡನ್ನೂ ಸರಿಮಾಡಿದ.

ಎರಡನೆಯ ಸಭೆ ಬೀದಿಯಲ್ಲೇ ನಡೆಯಿತು. ಮನೆಮನೆಯಿಂದ ಕುರ್ಚಿ, ಸ್ಟೂಲು, ಬೆಂಚು ಹೊರಗೆ ಬಂದವು. ನಕ್ಷೆಯನ್ನು ಸಲೂನಿನ ಶಟರಿಗೆ ತೂಗುಹಾಕಿದರು. ಒಬ್ಬರೂ ಮನೆಯಲ್ಲಿ ಉಳಿಯಲಿಲ್ಲ. ಹೌದಣ್ಣ ಬಾಗಿಲು ಬಾಗಿಲಿಗೆ ಹೋಗಿ ಕರೆದಿದ್ದ, ಬೇಕು ಎನ್ನುವವರನ್ನೂ ಬಿಟ್ಟಿರಲಿಲ್ಲ. ಅವನು ಬೇಡದವರ ಬೆಂಚಿನಲ್ಲಿ, ಹೆಂಡತಿ ಎದುರಿನ ಬೇಕಾದವರ ಬೆಂಚಿನಲ್ಲಿ. ಮಾತಿಗೆ ಮಾತು ಬೆಳೆದು ಗದ್ದಲ ಜೋರಾದಾಗ ಗೋಡೆಯ ಆಚೆಯಿಂದ ದನಿ ಕೇಳಿಸಿತು: “ನಮ್ಮ ಮಾತೂ ಬರ್ಕೊಳ್ಳಿ! ನಮ್ಮನ್ನ ಯಾರೂ ಕೇಳೇ ಇಲ್ಲ!” ನರ್ಸುಗಳು ಮೇಜು ಹಾಕಿ ಹತ್ತಿ ಗೋಡೆಯ ಮೇಲಿಂದ ತಲೆ ಹಾಕಿದ್ದರು. ಅಧಿಕಾರಿ ನಗುತ್ತ ಕಾಗದ ತಿರುವಿ ಅವರದನ್ನೂ ಬರೆದುಕೊಂಡಳು. ರಾತ್ರಿ ಪಾಳಿ ಮುಗಿಸಿ ಬಂದವಳೊಬ್ಬಳು ಆ ಗೋಡೆಯ ದೆಸೆಯಿಂದ ನಸುಕಿನ ಕತ್ತಲಲ್ಲಿ ಮಾರುಕಟ್ಟೆ ಸುತ್ತಿ ತನ್ನೂರಿನ ಬಸ್ಸಿಗೆ ಹೋಗಬೇಕಾದ ಕಷ್ಟ ಹೇಳಿದಾಗ ಬೇಡದವರ ಬೆಂಚೂ ಸುಮ್ಮನಾಯಿತು.

ಕೊನೆಗೆ ಗೋಡೆ ಒಡೆಯುವುದೆಂದೇ ಆಯಿತು. ಆದರೆ ಲಾರಿ ಬಾರದಂತೆ ಕಂಬ ನೆಡುವುದು, ನಡೆಯುವವರಿಗೆ, ಸೈಕಲ್ಲು ಸ್ಕೂಟರುಗಳಿಗೆ, ಆಂಬುಲೆನ್ಸಿಗೆ ಮಾತ್ರ ದಾರಿ. ರಸ್ತೆ ಕಿರಿದಾದರೂ ಗೆರೆ ಅವಳ ಕೋಣೆಯನ್ನು ತಪ್ಪಿಸಲಿಲ್ಲ. ಬದಲಿಗೆ ಅವರ ಮನೆಯ ಮಹಡಿಯ ಮೇಲೆ ಕೋಣೆ ಕಟ್ಟಿಕೊಳ್ಳಲು ನಗರಸಭೆ ಒಪ್ಪಿತು. ಹೌದಣ್ಣ ಸೋತಿದ್ದ. ಆದರೂ ಅಂದು ಬೆಂಚು ಒಳಗಿಡುವಾಗ ಅವನು ಎದೆಯುಬ್ಬಿಸಿಯೇ ನಡೆಯುತ್ತಿದ್ದ. ಸೋಲಬೇಕಾದರೂ ಒಂದು ಪಕ್ಷ ಇರಬೇಕಲ್ಲ.

ಕೋಣೆ ಕೆಡವುವವರು ಬರುವ ಹಿಂದಿನ ದಿನ ಇಬ್ಬರೂ ಸೇರಿ ಅದನ್ನು ಖಾಲಿ ಮಾಡಿದರು. ಬಾಟಲಿಗಳು, ದಾರದ ಉಂಡೆಗಳು, ತಿರುಗುವ ಕುರ್ಚಿ ಎಲ್ಲ ಹೊರಗೆ ಹೋದವು. ದೊಡ್ಡ ಕನ್ನಡಿಯೊಂದು ಉಳಿದಿತ್ತು. ಅದನ್ನು ಇಳಿಸುವ ಮುಂಚೆ ಅವಳು ಬರಿದಾದ ಕೋಣೆಯ ನಡುವೆ ನಿಂತು ಸುತ್ತ ನೋಡಿದಳು.

“ರೀ, ಇದನ್ನ ಕಟ್ಟಿಸಿದಾಗ ಚೆನ್ನಾಗಿದೆಯಾ ಅಂತ ಕೇಳಿದ್ದೆ. ನೀವು ಹೌದು ಅಂದ್ರಿ. ನಾನು ನಂಬಿರ್ಲಿಲ್ಲ. ನೀವು ಯಾವುದಕ್ಕೆ ತಾನೆ ಹೌದು ಅನ್ನಲ್ಲ? ಈಗ ಹೇಳಿ. ನಾಳೆ ಹೇಗೂ ಇರಲ್ಲ.”

ಅವನು ಗಿರಾಕಿಯ ತಲೆ ನೋಡುವ ಹಾಗೆ ಕೋಣೆಯನ್ನು ಎಲ್ಲ ಕಡೆಯಿಂದ ನೋಡಿದ.

“ಬಣ್ಣ ಚೆನ್ನಾಗಿಲ್ಲ. ಕಣ್ಣಿಗೆ ಹೊಡೆಯುತ್ತೆ. ಕಿಟಕಿ ತೀರಾ ಮೇಲಾಯ್ತು, ಗಾಳಿ ಆಡಲ್ಲ. ಬಾಗಿಲು ಮಳೆ ಬಂದ್ರೆ ಊದಿಕೊಳ್ಳುತ್ತೆ.”

“ಅಷ್ಟೇನಾ?” ಅವಳ ಮುಖ ತುಸು ಸಣ್ಣಗಾಯಿತು. ಕೇಳಿ ತಪ್ಪು ಮಾಡಿದೆನೇನೋ ಎಂಬಂತಿತ್ತು.

“ಅಷ್ಟೇ ಅಲ್ಲ,” ಎಂದ ಹೌದಣ್ಣ. ಸ್ವಲ್ಪ ಹೊತ್ತು ಹಲಗೆಯ ಮೇಲೆ ಕೈಯಾಡಿಸಿದ. “ನೀನು ಕೆಲಸ ಮಾಡ್ತಾ ಮಾಡ್ತಾ ಹಾಡ್ಕೋತೀಯ. ನಿನಗೇ ಗೊತ್ತಿಲ್ಲ ಅದು. ಈ ಹಲಗೆ ತೆಳು, ಆಚೆ ನನಗೆಲ್ಲ ಕೇಳಿಸುತ್ತೆ. ಅದಕ್ಕೇ ಅಂಗಡೀಲಿ ರೇಡಿಯೋ ಹಾಕಲ್ಲ ನಾನು. ಗಿರಾಕಿಗಳು ಕೇಳಿದ್ರೆ ಕೆಟ್ಟಿದೆ ಅಂತೀನಿ. ಅದು ಕೆಟ್ಟಿಲ್ಲ. ಇನ್ನು ನೀನು ಮಹಡಿ ಮೇಲೆ ಹೋದ್ರೆ ನನಗೇನೂ ಕೇಳಿಸಲ್ಲ. ಹಾರ್ನು ಗೀರ್ನು ಎಲ್ಲ ಆಮೇಲಿನ ಮಾತು. ರಸ್ತೆ ಬೇಡ ಅಂದಿದ್ದು ಇದಕ್ಕೇ.”

ಈ ಸಲ ಅವಳು ಅವನ ಮಾತಿನಲ್ಲಿ ಒಂದಕ್ಷರವನ್ನೂ ಅನುಮಾನಿಸಬೇಕಾಗಿರಲಿಲ್ಲ. ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡಳು.

“ಇದನ್ನ ಆ ಸಭೇಲಿ ಯಾಕೆ ಹೇಳ್ಲಿಲ್ಲ?”

“ಸಾಹುಕಾರ್ರ ಮುಂದೆ ಹೇಳೋ ಮಾತಾ ಇದು?”

ಅವಳಿಗೆ ಅಳುವಿನ ನಡುವೆಯೇ ನಗು ಬಂತು. “ಆದ್ರೂ ನನಗೆ ರಸ್ತೆ ಬೇಕೇ ಬೇಕಿತ್ತು ಕಣ್ರೀ.”

“ನನಗೆ ಬೇಡವಾಗಿತ್ತು,” ಎಂದ ಹೌದಣ್ಣ.

“ಸರಿ, ಆ ಕಡೆ ಹಿಡ್ಕೊಳ್ಳಿ,” ಎಂದಳು. ಇಬ್ಬರೂ ಕನ್ನಡಿಯ ಒಂದೊಂದು ತುದಿ ಹಿಡಿದು ನಿಧಾನವಾಗಿ ಕೆಳಗಿಳಿಸಿದರು.